ನೀರಣಬೆಯ ಬಣ್ಣಗಳು

ಬ್ಲಫ್
೨೦ ಜನವರಿ ೧೯೭೪, ಭಾನುವಾರ

ಅಣ್ಣ,

ಎಲ್ಲರೂ ಚೆನ್ನಾಗಿದ್ದೇವೆ. ಮೊದಲು ಹಜಾರದ ಗಾಜಿನ ತೊಟ್ಟಿಯ ವಿಚಾರ ಬರೆದುಬಿಡುತ್ತೇನೆ. ಕಾಗದ ಒಡೆದ ಕೂಡಲೇ ನೀನು ಹುಡುಕುವುದು ಅದನ್ನೇ.

ಬೆಳಿಗ್ಗೆ ಎಂಟು ಗಂಟೆಗೆ ನೋಡಿದ್ದು. ದೊಡ್ಡ ಹವಳ, ನಾವು ಅಣಬೆ ಎನ್ನುವುದು, ಪೂರ್ತಿ ಅರಳಿದೆ. ಕಾಂಡ ಹಳೆಯ ಹುಣಿಸೆಹಣ್ಣಿನ ಬಣ್ಣ. ತಲೆಯ ಮೇಲಿನ ಸಣ್ಣ ಸಣ್ಣ ಹೂಗಳು ಹುರಿದ ಜೀರಿಗೆಯ ಹಾಗಿವೆ, ತುದಿಯಲ್ಲಿ ಹೆಸರುಕಾಳು ತೊಳೆದ ನೀರಿನಷ್ಟು ಹಸಿರು. ಚಿಕ್ಕದು, ಆ ಬೆರಳುಗಳ ಗೊಂಚಲು, ಬೆಲ್ಲದ ಪಾಕಕ್ಕೆ ಎಳೆ ಬರುವ ಹೊತ್ತಿನ ಬಣ್ಣದಲ್ಲಿದೆ. ಇಂಥ ಹೋಲಿಕೆಗಳು ನಿಮ್ಮ ಶಾಸ್ತ್ರಕ್ಕೆ ನಡೆಯುತ್ತವೆಯೋ ಇಲ್ಲವೋ ತಿಳಿಯದು. ಎಂ.ಎ.ಗೆ ಹಳಗನ್ನಡ ಓದಿದವಳ ಕೈಗೆ ಸಮುದ್ರ ಕೊಟ್ಟು ಹೋಗಿದ್ದೀಯ.

ಮಧ್ಯಾಹ್ನ ಹಜಾರದಲ್ಲಿ ಯಾರೂ ಇರುವುದಿಲ್ಲ. ನೀರಿನ ನೆರಳು ಸೂರಿನ ಮೇಲೆ ಅಲುಗಾಡುತ್ತದೆ. ತೊಟ್ಟಿಗೆ ಗಾಳಿ ಊದುವ ಮೋಟಾರಿನ ಸದ್ದು, ಅದರ ಕೆಳಗೆ ಅಪ್ಪನ ಪವರ್ ಹೌಸಿನ ಸದ್ದು, ಅದರ ಕೆಳಗೆ ಎಲ್ಲೋ ಜಲಪಾತದ್ದು. ಹಾಗೇ ಕೂತರೆ ಮನೆ ನೀರಿನೊಳಗಿದೆಯೋ ನೀರು ಮನೆಯೊಳಗಿದೆಯೋ ಗೊತ್ತಾಗುವುದಿಲ್ಲ.

ಕೆಲಸದ ಚಿಕ್ಕಮಾದಮ್ಮ ನಿನ್ನೆ ಪೊರಕೆ ಹಿಡಿದು ತೊಟ್ಟಿಯ ಮುಂದೆ ನಿಂತು, "ಕಲ್ಗ್ಯಾಕವ್ವ ಲೈಟು?" ಅಂದಳು. ಕಲ್ಲಲ್ಲ, ಪ್ರಾಣಿ ಅಂದೆ. "ಪ್ರಾಣಿ ಅಂದ್ಮೇಲೆ ಕೂಗ್ಬೇಕು, ಕಚ್ಬೇಕು, ಇಲ್ಲ ಓಡ್ಬೇಕು. ಒಂದೂ ಮಾಡ್ದೆ ಲೈಟಾಕಿಸ್ಕೊಂಡು ಕೂತದಲ್ಲ, ಆಪೀಸರ್ರೇ ಇರ್ಬೇಕು ಕಣವ್ವ" ಅಂದಳು. ಅಪ್ಪ ಒಳಗಿನಿಂದ ನಕ್ಕಿದ್ದು ಕೇಳಿಸಿತು.

ಅಪ್ಪ ನಗುವುದು ಅಷ್ಟಕ್ಕೇ. ಆ ಮೇಲೆ ಮಾಮೂಲಿನಂತೆ ಹೇಳಿದರು: "ನವೆಂಬರ್ ಹತ್ತಕ್ಕೆ ವರ್ಷ ತುಂಬುತ್ತೆ. ಅದು ಬದುಕಿದ್ರೆ ಪಾರ್ಥ ಅಲ್ಲೇ ಇರಲಿ. ಇಲ್ಲದಿದ್ರೆ ಬಂದು ಎಲೆಕ್ಟ್ರಿಸಿಟಿ ಬೋರ್ಡಿನ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಲಿ." ಅರ್ಜಿಯ ಫಾರಂ ತಂದು ಬೀರುವಿನಲ್ಲಿ ಇಟ್ಟಿದ್ದಾರೆ. ನಾನು ನೋಡಿದೆ.

ಅಜ್ಜಿ ಕೇಳುತ್ತಿದ್ದಾರೆ: ರಾಮ ಕಟ್ಟಿದ ಸೇತು ನಿನಗೆ ಎಷ್ಟು ದೂರ?

ನಿನ್ನ ತಂಗಿ
ರಂಗನಾಯಕಿ


ಮಂಡಪಂ
೪ ಫೆಬ್ರವರಿ ೧೯೭೪

ರಂಗು,

ನಿನ್ನ ಜೀರಿಗೆ, ಹುಣಿಸೆಹಣ್ಣು ಎಲ್ಲ ನಡೆಯುತ್ತದೆ. ನಮ್ಮ ಕಡಲ ಸಂಶೋಧನಾ ಕೇಂದ್ರದ ಮುಖ್ಯಸ್ಥರಿಗೆ ಕನ್ನಡ ಬಾರದು. ಹುರಿದ ಜೀರಿಗೆಯನ್ನು ಹೇಳಿ ತಿಳಿಸಲಾಗದೆ ಅಡುಗೆಮನೆಯಿಂದಲೇ ತಂದು ತೋರಿಸಿದೆ. ಮೂಸಿ ನೋಡಿ, "ಸರಿ, ಕಂದು" ಎಂದು ಬರೆದುಕೊಂಡರು.

ಆ ಕಂದು ಹವಳದ್ದಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಒಕ್ಕಲಿದೆ. ಬೆಳಕು ಕುಡಿದು ಅದು ಹವಳಕ್ಕೆ ಅನ್ನ ಹಾಕುತ್ತದೆ. ಒಕ್ಕಲು ಮನೆ ಬಿಟ್ಟು ಹೋದರೆ ಬಣ್ಣ ಹೋಗುತ್ತದೆ. ಬಿಳಿಯಾದರೆ ಹಸಿದಿದೆ ಎಂದರ್ಥ. ಅದಕ್ಕೇ ವಾರ ವಾರ ಬಣ್ಣ ಬರೆ ಎಂದದ್ದು. ಕಡಲಿನಿಂದ ಇಷ್ಟು ದೂರ, ಹೊತ್ತು ತಂದ ನೀರಿನಲ್ಲಿ ಮೆತ್ತನೆಯ ಹವಳ ಒಂದು ವರ್ಷ ಬದುಕಲಾರದು ಎಂಬುದು ಮುಖ್ಯಸ್ಥರ ಮಾತು. ಕರೆಂಟು ತಪ್ಪದ ಊರಿನಲ್ಲಿ ಬದುಕುತ್ತದೆ ಎಂದವನು ನಾನು. ನಾನು ಗೆದ್ದರೆ ನನ್ನ ಹೆಸರು ಪಿಎಚ್.ಡಿ.ಗೆ ಹೋಗುತ್ತದೆ. ಸೋತರೆ ಬೀರುವಿನ ಫಾರಂ.

ಲ್ಯಾಕ್ಟೋಮೀಟರ್ ಮರೆಯಬೇಡ. ಹಾಲಿನ ಗಟ್ಟಿ ನೋಡುವ ಕಡ್ಡಿಯೇ ಉಪ್ಪುನೀರಿಗೂ ಸಾಕು. ಇಪ್ಪತ್ತೈದರ ಗೀಟಿನಲ್ಲಿ ತೇಲಬೇಕು. ಆರಿ ಇಳಿದಷ್ಟು ನೀರನ್ನು ಕಾವೇರಿ ನೀರಿನಿಂದ ತುಂಬಿಸು. ಉಪ್ಪು ಆರುವುದಿಲ್ಲವಲ್ಲ, ಹಾಗಾಗಿ ಸಿಹಿನೀರೇ ಸರಿ. ತಿಂಗಳಿಗೊಂದು ಜಾಡಿ ಕಡಲ ನೀರು ಎಂದಿನಂತೆ ಮದ್ದೂರಿಗೆ ರೈಲಿನಲ್ಲಿ ಬರುತ್ತದೆ. ಅಲ್ಲಿಂದ ಚಿಕ್ಕಮಾದಮ್ಮನ ಗಂಡ ಬಸ್ಸಿನ ಮೇಲೆ ಹಾಕಿಕೊಂಡು ಬರಲಿ.

ಸೇತು ಇಲ್ಲಿಗೆ ದೂರವೇನಲ್ಲ. ಮುಂದಿನ ರಜಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆಂದು ಅಜ್ಜಿಗೆ ಹೇಳು.

ಪಾರ್ಥಸಾರಥಿ


ಬ್ಲಫ್
೩೧ ಮಾರ್ಚ್ ೧೯೭೪, ಭಾನುವಾರ

ಅಣ್ಣ,

ಒಂದು ಅಪರಾಧ ಆಗಿದೆ, ನನ್ನದಲ್ಲ. ಲ್ಯಾಕ್ಟೋಮೀಟರ್ ಒಡೆಯಿತು.

ಅಮ್ಮ ಅದನ್ನು ದಿನಾ ಬೆಳಿಗ್ಗೆ ಹಾಲಿಗೂ ಅದ್ದುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಬುಧವಾರ ಹಾಲಿನ ಚಿಕ್ಕಬೋರಯ್ಯನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರು.

"ಹದಿನೆಂಟು ತೋರಿಸ್ತಿದೆಯಲ್ಲಯ್ಯ, ಎಷ್ಟು ನೀರು ಹಾಕಿದೀಯ?"

"ಅಮ್ಮಾವ್ರೆ, ಅದು ಸಮುದ್ರದ್ ಕಡ್ಡಿ. ಉಪ್ನೀರ್ ಕುಡ್ದೂ ಕುಡ್ದೂ ಅದ್ರ ನಾಲ್ಗೆ ಕೆಟ್ಟೋಗದೆ. ನಮ್ಮೆಮ್ಮೆ ಆಲಿನ ರುಚಿ ಅದ್ಕೇನ್ ಗೊತ್ತಾದದು?"

"ಕಡ್ಡಿ ಸುಳ್ಳು ಹೇಳುತ್ತಾ?"

"ಮತ್ತೆ ನಮ್ಮೆಮ್ಮೆ ಏಳ್ತದಾ? ಕೊಡಿ ಇಲ್ಲಿ, ನೋಡವ."

ಇವರು ಕೊಡುವಷ್ಟರಲ್ಲಿ ಅವನು ತೆಗೆದುಕೊಂಡ, ಅವನು ತೆಗೆದುಕೊಳ್ಳುವಷ್ಟರಲ್ಲಿ ಇವರು ಬಿಟ್ಟರು. ಚಪ್ಪಡಿಯ ಮೇಲೆ ಚೂರು ಚೂರು. ಆಮೇಲೆ ಇಬ್ಬರೂ ಸೇರಿ ಗಾಜು ಆರಿಸಿದರು. ಮಳವಳ್ಳಿಯಲ್ಲಿ ಇನ್ನೊಂದು ಸಿಗಲಿಲ್ಲ. ಮಂಡ್ಯಕ್ಕೆ ಹೋಗುವವರಿಗೆ ಹೇಳಬೇಕು.

ಬಣ್ಣ: ಅಣಬೆಯ ತಲೆ ಸ್ವಲ್ಪ ತಿಳಿಯಾಗಿದೆ. ಹುರಿದ ಜೀರಿಗೆಯಿಂದ ಹುರಿಯದ ಜೀರಿಗೆಗೆ ಬಂದಿದೆ ಎನ್ನಬಹುದು. ಬೆರಳುಗಳು ತೊಗರಿಬೇಳೆ ಕಟ್ಟಿನ ಬಣ್ಣ. ಬಿಸಿಲು ಹೆಚ್ಚಿದ್ದಕ್ಕೋ ಏನೋ. ಮಧ್ಯಾಹ್ನ ಕಿಟಕಿಗೆ ಪಂಚೆ ಕಟ್ಟುತ್ತಿದ್ದೇನೆ.

ಒಂದು ವಿಚಿತ್ರ. ಈ ಸೆಕೆಯಲ್ಲಿ ನೀರು ದಿನಾ ಎರಡು ಬೆರಳು ಇಳಿಯಬೇಕಲ್ಲವೇ? ನಾನು ಏಳುವ ಹೊತ್ತಿಗೆ ಗುರುತಿನ ಮಟ್ಟಕ್ಕೆ ಸರಿಯಾಗಿ ನಿಂತಿರುತ್ತದೆ. ಹಾಕುವ ಕೆಲಸವೇ ಇಲ್ಲ. ನಿನ್ನ ಸಮುದ್ರ ನಮ್ಮ ಮನೆಗೆ ಒಗ್ಗಿಕೊಂಡಿತೆಂದು ಕಾಣುತ್ತದೆ.

ನಾಳೆ ರಾಮನವಮಿ. ನಿನ್ನ ಪಾಲಿನ ಪಾನಕ ನಾನೇ ಕುಡಿಯುತ್ತೇನೆ.

ರಂಗನಾಯಕಿ


ಬ್ಲಫ್
೨ ಜೂನ್ ೧೯೭೪, ಭಾನುವಾರ

ಅಣ್ಣ,

ರೈಲು ಮುಷ್ಕರ ಮುಗಿಯಿತಂತೆ. ತಿಂಗಳಿನಿಂದ ನಿನ್ನ ಕಾಗದವೂ ಇಲ್ಲ, ಜಾಡಿಯೂ ಇಲ್ಲ. ಇದಾದರೂ ನಿನಗೆ ಸೇರಲಿ. ವಾರ ವಾರ ಬರೆದದ್ದು ನಿನಗೆ ಸಿಕ್ಕಿತೋ ಇಲ್ಲವೋ, ಹೋದ ತಿಂಗಳ ಬಣ್ಣಗಳನ್ನೂ ಮತ್ತೆ ಒಟ್ಟಿಗೆ ಬರೆಯುತ್ತಿದ್ದೇನೆ.

ಮೇ ಐದು: ಅಣಬೆಯ ತಲೆ ಸಂಜೆಯ ಮುಗಿಲಿನ ಹೊನ್ನಂಚು. ಮೇ ಹನ್ನೆರಡು: ಮಾಗಿದ ಸಂಪಗೆಯ ಎಸಳು. ಮೇ ಹತ್ತೊಂಬತ್ತು, ಇಪ್ಪತ್ತಾರು: ಅದೇ, ಇನ್ನಷ್ಟು ಕಾಂತಿ. ಇವತ್ತು ಬೆರಳುಗಳು ಪದ್ಮರಾಗದ ದೀಪಗಳ ಸಾಲಿನಂತಿವೆ.

ನೀನು ಚಿಂತೆ ಮಾಡಬೇಡ. ಅಪ್ಪ ಚೆನ್ನಾಗಿದ್ದಾರೆ. ಮಳೆ ಒಂದೆರಡು ಸಲ ಬಂತು.

ರಂಗನಾಯಕಿ


ಮಂಡಪಂ
೧೭ ಜೂನ್ ೧೯೭೪

ರಂಗು,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ.

ಮುಷ್ಕರ ಮುಗಿದರೂ ಸರಕು ರಾಶಿ ಬಿದ್ದಿದೆ, ಜಾಡಿ ಹತ್ತಿಸಿಕೊಳ್ಳುತ್ತಿಲ್ಲ. ಇಲ್ಲಿಂದ ಹೊಸ ಲ್ಯಾಕ್ಟೋಮೀಟರ್ ಅಂಚೆಯಲ್ಲಿ ಕಳಿಸಲು ನೋಡುತ್ತೇನೆ.

ನಿನಗೆ ಬೇರೆ ಏನಾದರೂ ಬರೆಯಬೇಕೆನಿಸಿದರೆ ಬರೆ.

ಪಾರ್ಥಸಾರಥಿ


ಬ್ಲಫ್
೭ ಜುಲೈ ೧೯೭೪, ಭಾನುವಾರ

ಅಣ್ಣ,

ಅಣಬೆ: ಹೊಂಬಣ್ಣ, ಮುಂಜಾವಿನ ಕೆಂಪು ಬೆರೆತ ಹಾಗೆ. ಬೆರಳುಗಳು: ಮೊದಲಿನಂತೆ.

ಬರೆಯಲು ಬೇರೇನೂ ಇಲ್ಲ.

ರಂಗನಾಯಕಿ


ಬ್ಲಫ್
೪ ಆಗಸ್ಟ್ ೧೯೭೪, ಭಾನುವಾರ

ಅಣ್ಣ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ನಾಲ್ಕನೆಯದು ನಿನಗೆ.

ಮೇ ತಿಂಗಳಿನಿಂದ ನಾನು ಬರೆದ ಬಣ್ಣಗಳು ಒಂದೂ ನಿಜವಲ್ಲ. ಅಣಬೆ ಬಿಳಿಯಾಗಿದೆ. ಬೆರಳುಗಳು ಇಲ್ಲ. ಜೂನಿನಲ್ಲಿ ಒಂದು ದಿನ ಬುಡದಿಂದ ಬಾಗಿದವು, ಎರಡು ದಿನದಲ್ಲಿ ಗಂಜಿಯಂತೆ ಕರಗಿದವು. ಬಟ್ಟಲಿನಲ್ಲಿ ತೆಗೆದು ಸಂಪಿಗೆ ಗಿಡದ ಬುಡಕ್ಕೆ ಹಾಕಿದೆ. ಬಟ್ಟಲಿನಲ್ಲಿ ಏನೂ ಭಾರವಿರಲಿಲ್ಲ.

ಮೊದಲ ಸಲ ಬಿಳಿ ಕಂಡಾಗ ಮುಷ್ಕರಕ್ಕೆ ರೈಲು ನಿಲ್ಲುವುದರಲ್ಲಿತ್ತು. ನೀನು ನೀರು ಕಳಿಸುವಂತಿರಲಿಲ್ಲ. ಬರೆದರೆ ಸುಮ್ಮನೆ ಸಂಕಟಪಡುತ್ತೀಯೆಂದು ಆ ಒಂದು ವಾರಕ್ಕೆ ಸುಳ್ಳು ಬರೆಯೋಣ, ಆಮೇಲೆ ಬಣ್ಣ ಬಂದೇ ಬರುತ್ತದೆ ಅಂದುಕೊಂಡೆ. ಮುಂದಿನ ವಾರ ಇನ್ನೂ ಬಿಳಿ. ಹಿಂದಿನ ವಾರದ ಸುಳ್ಳಿಗೆ ಹೊಂದಬೇಕಲ್ಲ, ಇನ್ನೊಂದು ಬರೆದೆ. ಬೀರುವಿನೊಳಗಿನ ಆ ಫಾರಂ ಕಣ್ಣ ಮುಂದೆ ಇತ್ತು. ಕ್ಷಮಿಸು ಅನ್ನಲೂ ನಾಚಿಕೆ.

ಕಾರಣ ಈಗ ಗೊತ್ತಾಗಿದೆ. ಹೋದ ವಾರ ನಿನ್ನ ಲ್ಯಾಕ್ಟೋಮೀಟರ್ ಬಂತು. ತೊಟ್ಟಿಗೆ ಬಿಟ್ಟೆ. ಹದಿನೇಳು. ಬೆನ್ನ ಹಿಂದೆ ಅಮ್ಮ, "ಇದೇನೇ, ಚಿಕ್ಕಬೋರಯ್ಯನ ಹಾಲಿಗಿಂತ ಕಡೆ! ಸಮುದ್ರಕ್ಕೂ ನೀರು ಹಾಕೋರು ಯಾರೇ?" ಅಂದರು. ತಮಾಷೆಗೇ ಅಂದದ್ದು. ನನಗೆ ಮಾರ್ಚಿನಲ್ಲಿ ಇಳಿಯದ ನೀರು ನೆನಪಾಯಿತು.

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಎದ್ದು ಹಜಾರದ ಬಾಗಿಲಲ್ಲಿ ನಿಂತೆ. ಹೊಳೆಯ ಕಡೆಯಿಂದ ಮಂಜು ಕಿಟಕಿಗೆ ಬಂದಿತ್ತು. ಅಜ್ಜಿ ಸ್ನಾನ ಮುಗಿಸಿ ಒದ್ದೆ ಸೀರೆಯಲ್ಲೇ ಬಂದರು. ತೊಟ್ಟಿಯ ಗಾಜು ಸರಿಸಿ ಪಂಚಪಾತ್ರೆ ಅದ್ದಿ ತೆಗೆದರು. ಮೂರು ಉದ್ಧರಣೆ ತಲೆಗೆ ಪ್ರೋಕ್ಷಿಸಿಕೊಂಡರು, ಒಂದು ಹನಿ ನಾಲಿಗೆಗೆ, ಉಳಿದದ್ದು ಪಾದಕ್ಕೆ. ಆಮೇಲೆ ಬೆಳ್ಳಿ ಚೊಂಬಿನಿಂದ ಕಾವೇರಿ ನೀರನ್ನು ನಿಧಾನವಾಗಿ ಗುರುತಿನವರೆಗೆ ಬಿಟ್ಟರು. "ತಗೋಪ್ಪ, ಕಾವೇರಿ ಬಂದಿದಾಳೆ" ಎಂದು ಅದರ ಜೊತೆ ಮಾತಾಡುತ್ತಿದ್ದರು. ಬಿಳಿಯ ಅಣಬೆ ಆ ನೀರಿನ ಎಳೆಯಲ್ಲಿ ಸ್ವಲ್ಪ ಅಲುಗಿತು.

"ಅಜ್ಜಿ" ಅಂದೆ.

ಬೆಚ್ಚಲಿಲ್ಲ. "ನೋಡಿದ್ಯಾ? ನೋಡು. ಕದ್ದಿಲ್ಲ ಕಣೇ. ತಗೊಂಡಷ್ಟು ಹಾಕ್ತೀನಿ, ಆರಿದ್ದೂ ಹಾಕ್ತೀನಿ. ಮಾಘದ ಹುಣ್ಣಿಮೆಯಿಂದ ಒಂದು ದಿನ ತಪ್ಪಿಸಿಲ್ಲ."

"ದಿನಾ ಯಾಕಜ್ಜಿ?"

"ಬೇರೆ ಸಮುದ್ರ ಆದ್ರೆ ಪರ್ವದ ದಿನ ಮಾತ್ರ ಮುಟ್ಟಬೇಕು. ಸೇತು ಸಮುದ್ರಕ್ಕೆ ದಿನ ನೋಡಬೇಕಾಗಿಲ್ಲ. ನಿಮ್ಮ ತಾತ ಕರಕೊಂಡು ಹೋಗ್ತೀನಿ ಅಂದ್ರು, ಅವರೇ ಹೋದ್ರು. ನಿಮ್ಮಪ್ಪ ರಿಟೈರಾಗಲಿ ಅಂದ. ಪಾರ್ಥ ಮುಂದಿನ ರಜ ಅಂದ. ನನ್ನ ಮಂಡಿ ಯಾವ ರಜಕ್ಕೆ ಕಾಯುತ್ತೆ? ಸೇತು ತಾನಾಗೇ ರೈಲು ಹತ್ತಿ ನಮ್ಮನೆಗೆ ಬಂತು. ನಾನೇನು ಕರೆದಿದ್ನೇ?"

ನೀನೇ ಹೇಳಿದಂತೆ, ಸಿಹಿನೀರೇ ಸರಿ. ಒಂದೇ ವ್ಯತ್ಯಾಸ, ಅವರು ಮೊದಲು ಉಪ್ಪುನೀರು ತೆಗೆಯುತ್ತಿದ್ದರು.

ಬೆರಳುಗಳು ಹೋದದ್ದು ಇದರಿಂದಲೇ ಎಂದು ನಾನು ಹೇಳಲಿಲ್ಲ. ಅಮ್ಮ ಹೇಳಿಬಿಟ್ಟರು. ಅಜ್ಜಿ ಆವತ್ತು ಊಟ ಮಾಡಲಿಲ್ಲ. ಮಾರನೆಯ ದಿನವೂ ಇಲ್ಲ.

ರಂಗನಾಯಕಿ


ಮಂಡಪಂ
೧೪ ಆಗಸ್ಟ್ ೧೯೭೪

ರಂಗು,

ನನಗೆ ಗೊತ್ತಿತ್ತು.

ಕಾರಣ ಗೊತ್ತಿರಲಿಲ್ಲ. ನೀನು ಸುಳ್ಳು ಬರೆಯುತ್ತಿದ್ದೀಯೆಂದು ಜೂನಿನಲ್ಲೇ ತಿಳಿಯಿತು. ಕಂಡದ್ದನ್ನು ಬರೆಯುವಾಗ ನಿನ್ನ ಹೋಲಿಕೆಗಳೆಲ್ಲ ಅಡುಗೆಮನೆಯವು. ಜೀರಿಗೆ, ಬೇಳೆ, ಬೆಲ್ಲ. ಕಾಣದ್ದನ್ನು ಬರೆಯುವಾಗ ಹಳಗನ್ನಡಕ್ಕೆ ಹೋಗುತ್ತೀಯ. ಪದ್ಮರಾಗವನ್ನು ನೀನು ಎಲ್ಲಿ ನೋಡಿದ್ದೀಯೇ? ನಮ್ಮ ಮನೆಯಲ್ಲಿ ಅಮ್ಮನ ಮೂಗುಬೊಟ್ಟಿನದೂ ಗಾಜೇ.

ಆ ಬಣ್ಣಗಳನ್ನು ನಾನು ಮುಖ್ಯಸ್ಥರಿಗೆ ಕೊಡಲಿಲ್ಲ. ಏಪ್ರಿಲ್ ಆದಮೇಲಿನ ಕಾಲಂ ಖಾಲಿ ಬಿಟ್ಟು, ಬಂದಿಲ್ಲ ಎಂದಿದ್ದೆ. ನೇರವಾಗಿ ಕೇಳಬೇಕಿತ್ತು. ಕೇಳಿದರೆ ನೀನು ಬರೆಯುವುದನ್ನೇ ನಿಲ್ಲಿಸುತ್ತೀಯೆಂದು ಹೆದರಿದೆ. ಅಲ್ಲಿಗೆ ಹೆದರುವವರು ಇಬ್ಬರಾದೆವು.

ಮೊನ್ನೆ ಅವರಿಗೆ ಎಲ್ಲವನ್ನೂ ಹೇಳಿದೆ, ಅಜ್ಜಿಯ ಪಂಚಪಾತ್ರೆಯನ್ನೂ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಉಪ್ಪು ಹನಿ ಹನಿಯಾಗಿ ಕಡಿಮೆಯಾದಾಗ ಬಣ್ಣ ಹೇಗೆ ಹೋಗುತ್ತದೆಂದು ಯಾರೂ ವಾರ ವಾರ ನೋಡಿಲ್ಲವಂತೆ. ಆದರೆ ಆ ವಾರಗಳ ನಿಜವಾದ ಬಣ್ಣ ಬೇಕು, ಇಲ್ಲದಿದ್ದರೆ ಇದು ಬರೀ ಕಥೆ ಅಂದರು. ನಿನಗೆ ನೆನಪಿದೆಯೇ? ನೆನಪಿಲ್ಲದಿದ್ದರೆ ಇಲ್ಲ ಎಂದು ಬರೆ.

ಎರಡು ಜಾಡಿ ಕಳಿಸಿದ್ದೇನೆ. ಒಟ್ಟಿಗೆ ಸುರಿಯಬೇಡ, ದಿನಕ್ಕೊಂದು ಚೊಂಬು. ಹೋದ ದಾರಿಯಲ್ಲೇ ನಿಧಾನವಾಗಿ ವಾಪಸು ಬರಬೇಕು.

ಅಜ್ಜಿಗೆ ಯಾರೂ ಏನೂ ಅನ್ನಬೇಡಿ. ಎರಡು ವರ್ಷದಿಂದ ಮುಂದಿನ ರಜಕ್ಕೆ ಎಂದು ಬರೆದವನು ನಾನು. ಸಮುದ್ರದ ಪಕ್ಕ ಮಲಗಿ ಬರೆದೆ.

ಪಾರ್ಥ


ಬ್ಲಫ್
೧ ಸೆಪ್ಟೆಂಬರ್ ೧೯೭೪, ಭಾನುವಾರ

ಅಣ್ಣ,

ನನಗೆ ನೆನಪಿಲ್ಲ. ಆ ವಾರಗಳಲ್ಲಿ ತೊಟ್ಟಿಯನ್ನು ಓರೆಗಣ್ಣಿನಿಂದ ನೋಡಿ ಓಡಿಬಿಡುತ್ತಿದ್ದೆ. ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿ ಹೇಳಿದೆ. ಆಗ ಅಜ್ಜಿ ಎಲೆಯಿಂದ ತಲೆ ಎತ್ತದೆ, "ನನಗೆ ನೆನಪಿದೆ" ಅಂದರು.

"ಏನು ನೆನಪಮ್ಮ?" ಅಂದರು ಅಪ್ಪ.

"ದಿನಾ ಬೆಳಿಗ್ಗೆ ಎದುರಿಗೆ ನಿಂತೋಳು ನಾನು. ತಿಥಿ ಪ್ರಕಾರ ಹೇಳ್ತೀನಿ. ಆದ್ರೆ ಸುಮ್ಮನೆ ಹೇಳಲ್ಲ."

"ಮತ್ತೆ?"

"ಸೇತುವಿಗೆ ಕರಕೊಂಡು ಹೋಗಬೇಕು."

ಅಪ್ಪ ಮಜ್ಜಿಗೆ ಕುಡಿದು ಮುಗಿಸಿದರು. "ಸರಿಯಮ್ಮ, ಮಹಾಲಯ ಅಮಾವಾಸ್ಯೆಗೆ ನಾನೇ ಕರಕೊಂಡು ಹೋಗ್ತೀನಿ. ಈಗ ಹೇಳು."

"ಬಾಯಿಮಾತು ಬೇಡ ತಿರುನಾರಾಯಣ. ನಿಮ್ಮಪ್ಪನೂ ಊಟದ ಎಲೆ ಮುಂದೇನೇ ಹೇಳಿದ್ದು. ರಜ ಚೀಟಿ ಬರೆದು ತೋರಿಸು."

ಅಪ್ಪ ಕೈ ತೊಳೆದು ಬಂದು ರಜದ ಅರ್ಜಿ ಬರೆದರು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ನನ್ನಿಂದ ಓದಿಸಿ, ತಾರೀಖು ಸರಿಯಾಗಿದೆಯೇ ಎಂದು ಪಂಚಾಂಗದಲ್ಲಿ ನೋಡಿಸಿ, ಆಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಎರಡು ಗಂಟೆ ಹೇಳಿದರು. ಮೊದಲ ತಿಂಗಳುಗಳಲ್ಲಿ ನಾನು ಬರೆದದ್ದಕ್ಕೂ ಅವರು ಹೇಳಿದ್ದಕ್ಕೂ ಎಲ್ಲೂ ತಪ್ಪಲಿಲ್ಲ. ಪೂರ್ತಿ ಪಟ್ಟಿ ಬೇರೆ ಹಾಳೆಯಲ್ಲಿದೆ, ತಿಥಿಗಳ ಎದುರು ತಾರೀಖು ಹಾಕಿದ್ದೇನೆ. ಒಂದೆರಡನ್ನು ಇಲ್ಲೂ ಬರೆಯುತ್ತೇನೆ, ನನಗೆ ಬರೆಯಬೇಕೆನಿಸಿದೆ.

ನರಸಿಂಹ ಜಯಂತಿ: ತಲೆ ಪೂರ್ತಿ ಕೋಸಂಬರಿಗೆ ನೆನೆಸಿದ ಬೇಳೆಯ ಬಣ್ಣ, ಅಂಚು ಬಿಳುಪು. ಜ್ಯೇಷ್ಠ ಶುದ್ಧ ಏಕಾದಶಿ: ಹೂಗಳು ಅರ್ಧ ಮಾತ್ರ ಹೊರಗೆ, ನೆನೆದ ಅಕ್ಕಿಯ ಬಣ್ಣ. ಅದೇ ತಿಂಗಳ ಬಹುಳ ಪಂಚಮಿ: ಬೆರಳುಗಳು ಬಾಗಿದವು. ಪ್ರಥಮ ಏಕಾದಶಿ: ಸುಣ್ಣ. ಬೆಳಕಿಗೆ ಒಳಗಿನ ನರ ಕಾಣುತ್ತಿತ್ತು.

ಬರೆದುಕೊಳ್ಳುತ್ತಾ ನಾನು ಕೇಳಿದೆ: "ದಿನಾ ನೋಡ್ತಿದ್ರಲ್ಲ ಅಜ್ಜಿ, ಬಿಳಿಯಾಗ್ತಿದೆ, ಏನೋ ಆಗಿದೆ ಅನ್ನಿಸಲಿಲ್ವಾ?"

ಅಜ್ಜಿ ಕಣ್ಣು ತೆರೆದು ತೊಟ್ಟಿಯ ಕಡೆ ನೋಡಿದರು.

"ಒಳ್ಳೇದಾಗ್ತಿದೆ ಅಂದುಕೊಂಡೆ ಕಣೇ ರಂಗು. ಕಾವೇರಿ ಬಿದ್ದೂ ಬಿದ್ದೂ ಕೊಳೆಯೆಲ್ಲ ಹೋಗಿ ಮಡಿಯಾಗ್ತಿದೆ ಅಂತ."

ಅಮ್ಮ ಎದ್ದು ಒಳಗೆ ಹೋದರು.

ಲ್ಯಾಕ್ಟೋಮೀಟರ್ ಈಗ ಇಪ್ಪತ್ತು. ಜಾಡಿಯಿಂದ ದಿನಕ್ಕೊಂದು ಚೊಂಬು ಹಾಕುವುದನ್ನು ಅಜ್ಜಿಯೇ ಮಾಡುತ್ತಾರೆ, ಒದ್ದೆ ಸೀರೆಯಲ್ಲಿ. ನಾನು ಪಕ್ಕದಲ್ಲಿ ನಿಲ್ಲುತ್ತೇನೆ.

ಬಣ್ಣ: ಬಿಳಿ.

ರಂಗನಾಯಕಿ


ಮಂಡಪಂ
೧೯ ಅಕ್ಟೋಬರ್ ೧೯೭೪

ರಂಗು,

ಅಪ್ಪ ಅಜ್ಜಿ ನಿನ್ನೆ ರೈಲು ಹತ್ತಿದರು. ಇದು ತಲುಪುವಷ್ಟರಲ್ಲಿ ಅವರೇ ಎಲ್ಲ ಹೇಳಿರುತ್ತಾರೆ. ಅವರು ಹೇಳದೆ ಬಿಡುವುದನ್ನು ನಾನು ಬರೆಯುತ್ತೇನೆ.

ಅಮಾವಾಸ್ಯೆಯ ಬೆಳಿಗ್ಗೆ ಸೇತುಸ್ನಾನದ ಕಡಲದಂಡೆ ಸೇತುಕ್ಕರೈಯಲ್ಲಿ ಅಜ್ಜಿಯನ್ನು ಇಬ್ಬರು ಬೆಸ್ತರ ಹೆಂಗಸರು ಎರಡು ಕಡೆ ಹಿಡಿದುಕೊಂಡರು. ಅಜ್ಜಿ ಮಡಿ ಅನ್ನಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತವರು ಮುಳುಗು ಹಾಕದೆ ಸುಮ್ಮನೆ ನೋಡುತ್ತಾ ನಿಂತುಬಿಟ್ಟರು. ಅಲೆ ಬಂದು ಹೋಗುತ್ತಿತ್ತು. ಆಮೇಲೆ ನನ್ನನ್ನು ಕರೆದು ಕೇಳಿದರು: "ಪಾರ್ಥ, ಇದಕ್ಕೆ ಒಂದು ಚೊಂಬು ಕಾವೇರಿ ಹಾಕಿದ್ರೆ ಇಲ್ಲಿರೋ ಅಣಬೆಗಳಿಗೆ ಏನೂ ಆಗಲ್ವಾ?" ಏನೂ ಆಗಲ್ಲ ಅಂದೆ. ಚೀಲದಿಂದ ಸೀಸೆ ತೆಗೆದರು. ಆದರೂ ಪೂರ್ತಿ ಹಾಕಲಿಲ್ಲ, ಅರ್ಧ ಉಳಿಸಿಕೊಂಡರು.

ಅಪ್ಪ ಮೊದಲ ಸಲ ಸಮುದ್ರ ನೋಡಿದ್ದಂತೆ, ನನಗೂ ಗೊತ್ತಿರಲಿಲ್ಲ. ಪ್ಯಾಂಟು ಮಡಿಚಿಕೊಂಡು ಅರ್ಧ ಗಂಟೆ ನಿಂತು, "ಇಷ್ಟು ನೀರಿದೆ, ಬೀಳೋಕೆ ಒಂದು ಜಾಗ ಇಲ್ಲವಲ್ಲೋ, ಕರೆಂಟು ಹೇಗೆ ತೆಗೀತೀಯ?" ಅಂದರು.

ಅಜ್ಜಿಯ ತಿಥಿಗಳ ಪಟ್ಟಿಯನ್ನು ಮುಖ್ಯಸ್ಥರು ಇಟ್ಟುಕೊಂಡಿದ್ದಾರೆ. ಇನ್ನು ಉಳಿದದ್ದು ಒಂದೇ. ನವೆಂಬರ್ ಹತ್ತರಂದು ಅದು ಹೇಗಿದೆ, ಬಣ್ಣ ಏನು. ಆ ಕಾಗದ ನೋಡಿ ನನ್ನ ಹೆಸರು ಕಳಿಸಬೇಕೋ ಬೇಡವೋ ತೀರ್ಮಾನಿಸುತ್ತಾರಂತೆ.

ಪಾರ್ಥ


ಬ್ಲಫ್
೧೦ ನವೆಂಬರ್ ೧೯೭೪, ಭಾನುವಾರ, ಬೆಳಿಗ್ಗೆ ಎಂಟು ಗಂಟೆ

ಅಣ್ಣ,

ಅಣಬೆ ಮುಚ್ಚಿಕೊಂಡಿದೆ. ಒಂದು ಹೂವೂ ಹೊರಗಿಲ್ಲ. ತಲೆ ಸುಕ್ಕುಗಟ್ಟಿ ಸಣ್ಣದಾಗಿದೆ. ಮೇಲೆ ಮೇಣದಂಥ ಪದರ ಬಂದಿದೆ, ಅದರ ಮೇಲೆ ಧೂಳು ಕೂತಿದೆ. ಬಣ್ಣ ಕಾಣುವುದಿಲ್ಲ.

ಹೀಗಾಗಿದ್ದು ಗುರುವಾರದಿಂದ. ಹೋದ ಭಾನುವಾರ ಹೂಗಳ ಬುಡದಲ್ಲಿ ರಾಗಿಹಿಟ್ಟು ಉದುರಿಸಿದಷ್ಟು ಕಂದು ಕಂಡಿತ್ತು. ಅದನ್ನು ಆವತ್ತೇ ಬರೆದಿದ್ದೆ. ಇವತ್ತಿನದು ಇದು. ಲ್ಯಾಕ್ಟೋಮೀಟರ್ ಇಪ್ಪತ್ತೈದು.

ಅಮ್ಮ ಬೆಳಿಗ್ಗೆಯಿಂದ ಹಿಂದೆ ಹಿಂದೆ ಓಡಾಡುತ್ತಿದ್ದಾರೆ. "ಹೋದ ವಾರದ್ದನ್ನೇ ಬರೆದುಬಿಡೇ. ಎರಡು ದಿನದಲ್ಲಿ ಅರಳುತ್ತೆ, ಆಗ ಸುಳ್ಳೂ ಆಗಲ್ಲ" ಅಂದರು. ಅಪ್ಪ ಪೇಪರು ಓದುತ್ತಿದ್ದರು, ಹಾಳೆ ತಿರುಗಿಸಲಿಲ್ಲ. ಚಿಕ್ಕಮಾದಮ್ಮ ಬಗ್ಗಿ ನೋಡಿ, "ಸತ್ತಿಲ್ಲ ಕಣವ್ವ. ಆವು ಪೊರೆ ಬುಡಕ್ ಮುಂಚೆ ಇಂಗೇ ಮಂಕಾಯ್ತದೆ. ಮುಟ್ಬ್ಯಾಡಿ, ಸುಮ್ಕಿರಿ" ಅಂದಳು. ಅದು ಅವಳು ಹೇಳಿದ್ದು, ಅದಕ್ಕೇ ಅವಳ ಹೆಸರಿನಲ್ಲಿ ಬರೆದಿದ್ದೇನೆ. ಅಣಬೆ ಪೊರೆ ಬಿಟ್ಟದ್ದನ್ನು ನಾನು ಎಂದೂ ನೋಡಿಲ್ಲ.

ಬದುಕಿದೆಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ.

ಇದೊಂದು ಕಾಗದ ಬೇರೆ ಥರ ಇರಬೇಕಿತ್ತು ಎಂದು ನನಗೆ ಎಷ್ಟು ಅನ್ನಿಸುತ್ತಿದೆಯೆಂದು ನಿನಗೆ ಗೊತ್ತು. ಅಪ್ಪ ಈಗ ಎದ್ದು ಚಪ್ಪಲಿ ಹಾಕಿಕೊಂಡರು. ತಾವೇ ಅಂಚೆಗೆ ಹಾಕಿ ಬರುತ್ತಾರಂತೆ.

ರಂಗನಾಯಕಿ


ಮಂಡಪಂ
೧೮ ನವೆಂಬರ್ ೧೯೭೪

ರಂಗು,

ನಿನ್ನ ಕಾಗದವನ್ನು ಒಂದು ಮಾತೂ ಬಿಡದೆ ಅವರಿಗೆ ಓದಿ ಹೇಳಿದೆ. ಅಮ್ಮ ಅಂದದ್ದನ್ನೂ. ಅವರು ಕೇಳಿದರು: "ಹತ್ತನೆಯ ತಾರೀಖಿನ ಬಣ್ಣಕ್ಕೆ ಅಡುಗೆಮನೆಯ ಸಾಮಾನು ಒಂದೂ ಇಲ್ಲವೇ?" ಇಲ್ಲ ಅಂದೆ.

ಈ ಜಾತಿಯ ಹವಳ ಕೆಲವು ಸಲ ಮೇಣದ ಪದರ ಕಟ್ಟಿ ಕಳಚುತ್ತದಂತೆ. ಕೆಲವು ಸಲ ಕಳಚದೆ ಸಾಯುತ್ತದಂತೆ. "ಯಾವುದೆಂದು ನನಗೂ ಇಲ್ಲಿಂದ ಗೊತ್ತಾಗದು. ಬಣ್ಣ ಕಾಣದ ದಿನ ಕಾಣುವುದಿಲ್ಲ ಎಂದು ಬರೆಯುವವರು ಆ ಮನೆಯಲ್ಲಿದ್ದಾರೆ. ಇನ್ನೊಂದು ವರ್ಷ ನೋಡಲಿ" ಎಂದು ಹೇಳಿ ನನ್ನ ಪಿಎಚ್.ಡಿ. ಅರ್ಜಿಗೆ ರುಜು ಹಾಕಿದರು.

ಬೀರುವಿನ ಫಾರಂ ಏನು ಮಾಡಬೇಕೆಂದು ಅಪ್ಪನನ್ನೇ ಕೇಳು.

ಅದು ಬದುಕಿದೆಯೇ, ರಂಗು? ರುಜು ಬಿದ್ದಮೇಲೂ ನನಗೆ ಅದೇ ಯೋಚನೆ.

ಪಾರ್ಥ


ಬ್ಲಫ್
೨೪ ನವೆಂಬರ್ ೧೯೭೪, ಭಾನುವಾರ

ಅಣ್ಣ,

ನಿನ್ನ ಕಾಗದ ನಿನ್ನೆ ಬಂತು. ಅಪ್ಪ ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಡ್ಯೂಟಿಗೆ ಹೋದರು. ಅವರ ಜೇಬಿನಿಂದ ಅದು ಇನ್ನೂ ನನಗೆ ವಾಪಸು ಬಂದಿಲ್ಲ.

ಇವತ್ತು ಬೆಳಿಗ್ಗೆ ಅಜ್ಜಿ ನನ್ನನ್ನು ಕೂಗಲಿಲ್ಲ, ಬಂದು ಭುಜ ಮುಟ್ಟಿದರು. ಎದ್ದು ಹೋದೆ. ಬಿಸಿಲು ಆಗತಾನೇ ಕಿಟಕಿಗೆ ಬಂದಿತ್ತು. ಅಣಬೆಯ ತಲೆಯ ಮೇಲಿನ ಪದರ ಒಂದು ಕಡೆಯಿಂದ ಎದ್ದು, ಗಾಳಿಯ ಗುಳ್ಳೆಗಳಿಗೆ ಸಿಕ್ಕಿ, ನೀರಿನಲ್ಲಿ ತೆಳ್ಳಗೆ ಅಲೆಯುತ್ತಿತ್ತು. ಅದು ಕಳಚಿಕೊಂಡು ತೇಲಿ ಮೂಲೆಗೆ ಹೋಗುವವರೆಗೆ ನಾವಿಬ್ಬರೂ ಉಸಿರು ಬಿಡಲಿಲ್ಲವೇನೋ. ಕೆಳಗಿದ್ದ ಮೈ ನುಣ್ಣಗೆ, ಹಸಿಯಾಗಿ ಇತ್ತು. ಅದರ ಮೇಲೆ ಮೊದಲು ಚುಕ್ಕೆಗಳು ಬಂದವು. ಆಮೇಲೆ ಒಂದು ಚುಕ್ಕೆ ಎದ್ದು ಹೂವಾಯಿತು. ಆಮೇಲೆ ಅದರ ಪಕ್ಕದ್ದು.

ಅಮ್ಮ ಒಲೆಯ ಮೇಲೆ ಹಾಲಿಟ್ಟು ಬಂದು ನಿಂತಿದ್ದಾರೆ, ಉಕ್ಕುತ್ತದೆಂಬ ನೆನಪೂ ಇಲ್ಲ. ಅಜ್ಜಿ ನನ್ನ ಮೊಣಕೈ ತಿವಿದು, "ಬಣ್ಣ ಬರಿಯೇ, ಅವನು ಕಾಯ್ತಿರ್ತಾನೆ" ಅನ್ನುತ್ತಿದ್ದಾರೆ. ಬರೆಯುತ್ತೇನೆ. ಬಿಳಿಯಂತೂ ಅಲ್ಲ. ಆದರೆ ಒಂದೊಂದೇ ಹೂ ಇನ್ನೂ ಏಳುತ್ತಲೇ ಇದೆ, ಕೆಳಗೆ ನೋಡಿ ಒಂದು ಸಾಲು ಬರೆದು ತಲೆ ಎತ್ತುವಷ್ಟರಲ್ಲಿ ಹತ್ತು ತಪ್ಪಿಹೋಗುತ್ತವೆ. ಸ್ವಲ್ಪ ಹೊತ್ತು ಪೆನ್ನು ಕೆಳಗಿಡುತ್ತೇನೆ.

ರಂಗು